ರಜೆಯ ಬಂಗಲೆಯಲ್ಲಿ ಕೊಲೆ: ಮುಂಬಯಿಯ ಒಂದು ಕಥಾಪರಂಪರೆ

ಊರಾಚೆಯ ಬಂಗಲೆಯಲ್ಲಿ ಹಬ್ಬಕ್ಕೋ ರಜೆಗೋ ಕೂಡಿದ ನೆಂಟರಿಷ್ಟರ ನಡುವೆ ಕೊಲೆಯಾಗುತ್ತದೆ. ಕೊಂದವರು ಆ ಮನೆಯೊಳಗೇ ಇದ್ದಾರೆಂಬುದು ಖಚಿತ, ಯಾರೆಂಬುದು ಮಾತ್ರ ಕೊನೆಯ ಅಧ್ಯಾಯದವರೆಗೂ ತಿಳಿಯದು. ಈ ಬಗೆಯ ಪತ್ತೇದಾರಿ ಕಥೆ ಇಂಗ್ಲೆಂಡಿನಲ್ಲಿ ಬೆಳೆದದ್ದು, ಎರಡು ಮಹಾಯುದ್ಧಗಳ ನಡುವಿನ ಕಾಲ ಅದರ ಸುಗ್ಗಿ. ಅದರ ದೊಡ್ಡ ಪೂರ್ವಜ ಕೃತಿ ಆರಂಭವಾಗುವುದು ಮಾತ್ರ ಕಾವೇರಿಯ ತೀರದಲ್ಲಿ. ವಿಲ್ಕಿ ಕಾಲಿನ್ಸ್ 1868ರಲ್ಲಿ ಪ್ರಕಟಿಸಿದ ‘ದಿ ಮೂನ್‌ಸ್ಟೋನ್’ ಕಾದಂಬರಿಯಲ್ಲಿ, 1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಬಿದ್ದ ದಿನ ಇಂಗ್ಲಿಷ್ ಅಧಿಕಾರಿಯೊಬ್ಬ ಟಿಪ್ಪುವಿನ ಆಯುಧಶಾಲೆಯಿಂದ ವಜ್ರವೊಂದನ್ನು ದೋಚುತ್ತಾನೆ. ಅದೇ ವಜ್ರ ಯಾರ್ಕ್‌ಶೈರಿನ ದೊಡ್ಡಮನೆಯೊಂದರಲ್ಲಿ ಹುಟ್ಟುಹಬ್ಬದ ಔತಣದ ರಾತ್ರಿ ಕಾಣೆಯಾಗುತ್ತದೆ. ಅತಿಥಿಗಳು, ಮನೆಮಂದಿ, ಆಳುಕಾಳುಗಳು ಎಲ್ಲರ ಮೇಲೂ ಗುಮಾನಿ. ಮುಂದಿನ ನೂರು ವರ್ಷದ ಬಂಗಲೆ ಕಥೆಗಳ ಸಾಮಾನೆಲ್ಲ ಅಲ್ಲಿಯೇ ಇದೆ. ಕೊಲೆ ಹಿನ್ನೆಲೆಯಲ್ಲಿದ್ದು ಕಳವು ಮುಂದಿದೆ, ಅಷ್ಟೇ.

ಕ್ರಿಸ್‌ಮಸ್‌ಗೂ ಈ ಕಥೆಗೂ ನಂಟು ಬೆಳೆದದ್ದಕ್ಕೆ ಕಾರಣಗಳು ಸರಳ. ಪತ್ತೇದಾರಿ ಕಥೆಗೆ ಬೇಕಾದ್ದು ಎಣಿಸಿ ಮುಗಿಸಬಹುದಾದಷ್ಟು ಶಂಕಿತರು. ವರ್ಷವಿಡೀ ಒಬ್ಬರ ಮುಖ ಒಬ್ಬರು ನೋಡದ ಅಣ್ಣತಮ್ಮಂದಿರನ್ನು, ಆಸ್ತಿಯ ಮೇಲೆ ಕಣ್ಣಿಟ್ಟ ಅಳಿಯಂದಿರನ್ನು, ಸಾಲಗಾರ ಸ್ನೇಹಿತನನ್ನು ಒಂದೇ ಸೂರಿನಡಿ ತರಲು ಹಬ್ಬಕ್ಕಿಂತ ಒಳ್ಳೆಯ ನೆಪವಿಲ್ಲ. ಡಿಸೆಂಬರಿನ ಹಿಮ ಬಿದ್ದು ದಾರಿ ಮುಚ್ಚಿದರೆ ಪೊಲೀಸರು ಬರುವುದು ತಡವಾಗುತ್ತದೆ, ಕೊಲೆಗಾರನೂ ಓಡಲಾರ. ಅಗಾಥಾ ಕ್ರಿಸ್ಟಿಯ 1938ರ ‘ಹರ್ಕ್ಯುಲ್ ಪಾಯ್ರೋಸ್ ಕ್ರಿಸ್‌ಮಸ್’ ಕಾದಂಬರಿಯಲ್ಲಿ ವಜ್ರದ ವ್ಯವಹಾರದಲ್ಲಿ ಹಣ ಮಾಡಿದ ಮುದುಕನೊಬ್ಬ ಮಕ್ಕಳನ್ನೆಲ್ಲ ಹಬ್ಬಕ್ಕೆ ಕರೆಸಿ, ಹಬ್ಬದ ಹಿಂದಿನ ರಾತ್ರಿ ಒಳಗಿನಿಂದ ಬೀಗ ಹಾಕಿದ ಕೋಣೆಯಲ್ಲಿ ಹೆಣವಾಗುತ್ತಾನೆ. 1952ರಲ್ಲಿ ಲಂಡನ್ ರಂಗಕ್ಕೆ ಬಂದ ಆಕೆಯ ‘ದಿ ಮೌಸ್‌ಟ್ರ್ಯಾಪ್’ ನಾಟಕದಲ್ಲೂ ಹಿಮದಲ್ಲಿ ಸಿಕ್ಕಿಬಿದ್ದ ವಸತಿಗೃಹವೇ ರಂಗಸ್ಥಳ. ಪ್ರಕಾಶಕರಿಗೆ ಇದರಲ್ಲಿ ಬೇರೊಂದು ಲಾಭವಿತ್ತು. ಹಬ್ಬದ ಉಡುಗೊರೆಯಾಗಿ ಪುಸ್ತಕ ಕೊಡುವ ರೂಢಿ ಇದ್ದುದರಿಂದ ಕ್ರಿಸ್ಟಿಯ ಹೊಸ ಕಾದಂಬರಿಯನ್ನು ಕ್ರಿಸ್‌ಮಸ್ ಮಾರಾಟಕ್ಕೆ ಹೊಂದಿಸಿ ತರುವುದು ಕಾಲಿನ್ಸ್ ಪ್ರಕಾಶನದ ವಾಡಿಕೆಯೇ ಆಯಿತು.

ಅದಕ್ಕೂ ಹಿಂದೆ ಅದೇ ಹಬ್ಬದಲ್ಲಿ ಅಗ್ಗಿಷ್ಟಿಕೆಯ ಮುಂದೆ ಕೂತು ದೆವ್ವದ ಕಥೆ ಹೇಳುವ ಪದ್ಧತಿಯಿತ್ತು. ಡಿಕನ್ಸ್‌ನ 1843ರ ‘ಎ ಕ್ರಿಸ್‌ಮಸ್ ಕ್ಯಾರಲ್’ ಅದೇ ಸಾಲಿನದು. ಪತ್ತೇದಾರಿ ಕಥೆ ದೆವ್ವವನ್ನು ಹೊರಗಟ್ಟಿತು. 1929ರಲ್ಲಿ ಪಾದ್ರಿ ಹಾಗೂ ಕಾದಂಬರಿಕಾರ ರೊನಾಲ್ಡ್ ನಾಕ್ಸ್ ಬರೆದ ಹತ್ತು ಕಟ್ಟಳೆಗಳಲ್ಲಿ ಒಂದು, ಅಲೌಕಿಕ ಶಕ್ತಿಗೆ ಇಲ್ಲಿ ಪ್ರವೇಶವಿಲ್ಲ ಎಂಬುದು. ಇನ್ನೊಂದು, ಮನೆಯೊಂದಕ್ಕೆ ಗುಪ್ತದ್ವಾರ ಒಂದಕ್ಕಿಂತ ಹೆಚ್ಚು ಇರಕೂಡದು ಎಂಬುದು. ಮುಂಬಯಿ ಈ ಕಥೆಯನ್ನು ಎತ್ತಿಕೊಂಡಾಗ ಗುಪ್ತದ್ವಾರದ ಲೆಕ್ಕ ಇಡಲಿಲ್ಲ. ದೆವ್ವವನ್ನು ಮಾತ್ರ ಬಹಳ ಜಾಣತನದಿಂದ ಒಳಗೆ ಬಿಟ್ಟುಕೊಂಡಿತು.

ಬಂಗಲೆಗಳಿಗೆ ಮುಂಬಯಿಯಲ್ಲಿ ಬರವಿರಲಿಲ್ಲ. ಹದಿನೆಂಟನೆಯ ಶತಮಾನದಿಂದಲೇ ಕೋಟೆಯೊಳಗಿನ ಇಕ್ಕಟ್ಟು ತಾಳಲಾರದ ಇಂಗ್ಲಿಷ್ ಅಧಿಕಾರಿಗಳೂ ಪಾರ್ಸಿ ವರ್ತಕರೂ ಮಜಗಾಂವ್, ಬೈಕಲಾ, ಪರೇಲ್ ಕಡೆ ತೋಟದ ಮನೆ ಕಟ್ಟಿಕೊಂಡರು. ಗವರ್ನರನ ನಿವಾಸವೇ ಪರೇಲಿನಲ್ಲಿತ್ತು. 1882ರಲ್ಲಿ ಗವರ್ನರ್ ಫರ್ಗ್ಯುಸನ್ನರ ಪತ್ನಿ ಅಲ್ಲಿ ಕಾಲರಾದಿಂದ ತೀರಿಕೊಂಡ ಮೇಲೆ ಆ ಮನೆಯ ಮೇಲಿನ ಮೋಹ ಇಳಿದು ನಿವಾಸ ಮಲಬಾರ್ ಹಿಲ್‌ನ ತುದಿಗೆ ಹೋಯಿತು. 1899ರಲ್ಲಿ ವಿಜ್ಞಾನಿ ಹಾಫ್‌ಕಿನ್ ತಮ್ಮ ಪ್ಲೇಗ್ ಪ್ರಯೋಗಾಲಯವನ್ನು ಆ ಖಾಲಿ ಮನೆಗೆ ತಂದರು. ರೈಲು ಬಂದ ಮೇಲೆ ರಜೆಯ ಬಂಗಲೆ ಇನ್ನೂ ದೂರ ಸರಿಯಿತು. 1853ರಲ್ಲಿ ಠಾಣೆಯವರೆಗೆ ಹೋದ ರೈಲು ಹತ್ತು ವರ್ಷದಲ್ಲಿ ಭೋರ್ ಘಾಟಿ ಹತ್ತಿತು, ಖಂಡಾಳಾ ಲೋಣಾವಳಾಗಳು ಮುಂಬಯಿಯ ಉಳ್ಳವರ ಬೇಸಿಗೆ ಊರುಗಳಾದವು. ಠಾಣೆಯ ಕಲೆಕ್ಟರ್ ಹ್ಯೂ ಮ್ಯಾಲೆಟ್ 1850ರಲ್ಲಿ ಹತ್ತಿ ನೋಡಿದ ಮಾಥೇರಾನ್‌ಗೆ 1907ರಲ್ಲಿ ಆದಂಜಿ ಪೀರ್‌ಭಾಯ್ ಮನೆತನ ಪುಟ್ಟ ರೈಲು ಹಾಕಿಸಿತು. ಮಾಥೇರಾನ್‌ನಲ್ಲಿ ಇಂದಿಗೂ ಮೋಟಾರು ವಾಹನಕ್ಕೆ ಪ್ರವೇಶವಿಲ್ಲ. ಕೆಮ್ಮಣ್ಣಿನ ದಾರಿ, ದಟ್ಟ ಮರಗಳು, ಒಂದರಿಂದೊಂದು ದೂರ ನಿಂತ ಹಳೆಯ ಬಂಗಲೆಗಳು, ಮಳೆಗಾಲ ಬಂದರೆ ಮೂರು ನಾಲ್ಕು ತಿಂಗಳು ಹಾಕಿದ ಬೀಗ ಹಾಕಿದಂತೆಯೇ. ಕೊಲೆಯ ಕಥೆ ಬರೆಯುವವನಿಗೆ ಇಂಗ್ಲೆಂಡಿನ ಹಿಮದ ಕೊರತೆಯನ್ನು ಸಹ್ಯಾದ್ರಿಯ ಮಳೆ ತುಂಬಿಕೊಡುತ್ತಿತ್ತು.

ಕೊರತೆ ಇದ್ದದ್ದು ಬೇರೆಡೆ. ಮುಂಬಯಿಯ ಸಿರಿವಂತರ ಬಡಾವಣೆಗಳಲ್ಲಿ ನಡೆದು ದೇಶವನ್ನೇ ಹಿಡಿದಿಟ್ಟ ನಿಜವಾದ ಕೊಲೆಗಳಲ್ಲಿ ‘ಕೊಂದವರು ಯಾರು’ ಎಂಬ ಪ್ರಶ್ನೆಯೇ ಹುಟ್ಟಲಿಲ್ಲ. 1925ರ ಜನವರಿ 12ರಂದು ಮಲಬಾರ್ ಹಿಲ್‌ನ ರಸ್ತೆಯಲ್ಲಿ ವರ್ತಕ ಅಬ್ದುಲ್ ಕಾದರ್ ಬಾವ್ಲಾ ಅವರ ಕಾರನ್ನು ಅಡ್ಡಗಟ್ಟಿ ಅವರನ್ನು ಕೊಂದಾಗ, ಗಾಲ್ಫ್ ಮುಗಿಸಿ ಬರುತ್ತಿದ್ದ ಸೇನಾಧಿಕಾರಿಗಳು ಹಂತಕರ ಮೇಲೆ ಬಿದ್ದು ಸ್ಥಳದಲ್ಲೇ ಹಿಡಿದರು. ಬಾವ್ಲಾ ಜೊತೆಗಿದ್ದ ಮುಮ್ತಾಜ್ ಬೇಗಂ ಇಂದೋರ್ ಆಸ್ಥಾನ ತೊರೆದು ಬಂದವರು. ವಿಷಯ ಅರಮನೆಯವರೆಗೆ ಹೋಗಿ 1926ರಲ್ಲಿ ತುಕೋಜಿರಾವ್ ಹೋಳ್ಕರ್ ಗದ್ದುಗೆ ಬಿಟ್ಟರು. 1959ರ ಏಪ್ರಿಲ್ 27ರಂದು ತಮ್ಮ ಪತ್ನಿಯ ಪ್ರಿಯಕರ ಪ್ರೇಮ್ ಅಹುಜಾ ಅವರನ್ನು ಗುಂಡಿಕ್ಕಿ ಕೊಂದ ನೌಕಾಪಡೆಯ ಕಮಾಂಡರ್ ನಾನಾವತಿ ತಾವಾಗಿಯೇ ಹೋಗಿ ಶರಣಾದರು. ಎರಡೂ ಪ್ರಕರಣಗಳಲ್ಲಿ ಊರು ಚರ್ಚಿಸಿದ್ದು ಕಾರಣವನ್ನು, ಮಾನವನ್ನು, ದುಡ್ಡಿನ ಬಲವನ್ನು. ಒಗಟು ಬೇಕಾದವರು ಕಥೆಗೇ ಹೋಗಬೇಕಾಯಿತು.

ಕಥೆ ಬಂದದ್ದು ರಜೆಯ ಮೂಲಕ. ಇಂಗ್ಲಿಷ್ ಪತ್ರಿಕೆಗಳು ಕ್ರಿಸ್‌ಮಸ್‌ಗೆ ದಪ್ಪನೆಯ ವಿಶೇಷ ಸಂಚಿಕೆ ತರುವುದನ್ನು ನೋಡಿ, ಮುಂಬಯಿಯ ‘ಮನೋರಂಜನ’ ಮಾಸಪತ್ರಿಕೆಯ ಸಂಪಾದಕ ಕಾಶೀನಾಥ ರಘುನಾಥ ಮಿತ್ರ 1909ರಲ್ಲಿ ಮರಾಠಿಯ ಮೊದಲ ದಿವಾಳಿ ಅಂಕ ಹೊರತಂದರು. ಚಕ್ಕುಲಿ ಕರಂಜಿಯ ಜೊತೆಗೆ ಒಂದು ದಿವಾಳಿ ಅಂಕ ಮನೆಗೆ ಬರಬೇಕೆಂಬುದು ಗಿರಗಾಂವ್, ದಾದರ್‌ಗಳ ಮಧ್ಯಮವರ್ಗದಲ್ಲಿ ಕ್ರಮೇಣ ನೇಮವೇ ಆಯಿತು. ಕೊಳ್ಳಲಾರದವರಿಗೆ ಬಾಡಿಗೆ ಗ್ರಂಥಾಲಯಗಳಿದ್ದವು. ಮುಂದೆ ರಹಸ್ಯಕಥೆಗಳಿಗೇ ಮೀಸಲಾದ ‘ಧನಂಜಯ’, ‘ಚಂದ್ರಕಾಂತ’ಗಳಂಥ ದಿವಾಳಿ ಅಂಕಗಳೂ ಬಂದವು. ಕನ್ನಡ ವಾರಪತ್ರಿಕೆಗಳ ದೀಪಾವಳಿ, ಯುಗಾದಿ ವಿಶೇಷಾಂಕಗಳ ಓದುಗರಿಗೆ ಈ ರುಚಿ ಹೊಸದೇನಲ್ಲ. ಹಬ್ಬದ ಊಟವಾಗಿ, ಮಧ್ಯಾಹ್ನ ಕಾಲು ಚಾಚಿ, ಎದೆಯ ಮೇಲೆ ಪುಸ್ತಕ ಇಟ್ಟುಕೊಂಡವನಿಗೆ ಬೇಕಾದ್ದು ಲೋಕೋದ್ಧಾರದ ಲೇಖನವಲ್ಲ. ಬೇರೆಯವರ ಮನೆಯಲ್ಲಿ ಬಿದ್ದ ಹೆಣ ಹಬ್ಬದ ಸುಖಕ್ಕೆ ಒಗ್ಗರಣೆಯಾಗುವುದು ಎಲ್ಲ ಭಾಷೆಗಳಲ್ಲೂ ಒಂದೇ ರೀತಿ.

ಮರಾಠಿಯ ಈ ಮಾರುಕಟ್ಟೆಯ ದೊರೆ ಬಾಬುರಾವ್ ಅರ್ನಾಳಕರ್. ಅವರ ನಿಜ ಹೆಸರು ಚಂದ್ರಕಾಂತ ಸಖಾರಾಮ ಚವಾಣ್. ಬರೆದ ರಹಸ್ಯ ಕಾದಂಬರಿಗಳು ಸಾವಿರಕ್ಕೂ ಹೆಚ್ಚು. ಧನಂಜಯ, ಝುಂಜಾರ್, ಕಾಳಾ ಪಹಾಡ್ ಮುಂತಾದ ಅವರ ನಾಯಕರು ಮುಂಬಯಿಯ ಚಾಳುಗಳ ಹುಡುಗರಿಗೆ ಮನೆಯವರಷ್ಟೇ ಪರಿಚಿತರು. ಕನ್ನಡದಲ್ಲಿ ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿ ನೂರಾರು ಪತ್ತೇದಾರಿ ಕಾದಂಬರಿ ಬರೆದ ಎನ್. ನರಸಿಂಹಯ್ಯನವರ ಸ್ಥಾನವನ್ನು ನೆನೆದರೆ ಅರ್ನಾಳಕರರ ಸ್ಥಾನವೂ ಅರ್ಥವಾಗುತ್ತದೆ: ಪಂಡಿತರು ಮೂಗು ಮುರಿದರು, ಜನ ಸಾಲುಗಟ್ಟಿ ಓದಿದರು. ಚಾಳಿನ ಓದುಗನಿಗೆ ಬಂಗಲೆಯ ಕಥೆ ಯಾಕೆ ಹಿಡಿಸಿರಬೇಕು ಎಂಬ ಪ್ರಶ್ನೆಗೆ ಇಲ್ಲಿ ಸುಲಭದ ಉತ್ತರವಿದೆ. ಹತ್ತಡಿ ಕೋಣೆ, ಸಾಲಾಗಿ ತೆರೆದ ಬಾಗಿಲುಗಳು, ಎಲ್ಲರಿಗೂ ಒಂದೇ ಮೊಗಸಾಲೆ, ಒಂದೇ ನಲ್ಲಿ. ಚಾಳಿನಲ್ಲಿ ಗುಟ್ಟು ಉಳಿಯುವುದಿಲ್ಲ, ಯಾರು ಎಷ್ಟು ಗಂಟೆಗೆ ಬಂದರೆಂಬುದಕ್ಕೆ ಹತ್ತು ಸಾಕ್ಷಿಗಳು ಇದ್ದೇ ಇರುತ್ತಾರೆ. ಕೊಲೆಯ ಒಗಟಿಗೆ ಖಾಲಿ ಕೋಣೆ ಬೇಕು, ಮುಚ್ಚಿದ ಬಾಗಿಲು ಬೇಕು. ಮುಂಬಯಿಯಲ್ಲಿ ಅವೆರಡೂ ದುಡ್ಡಿದ್ದವರ ಸ್ವತ್ತು.

ಸಿನಿಮಾ ಈ ಸ್ವತ್ತನ್ನು ಎಲ್ಲರಿಗೂ ಹಂಚಿತು. ಅದೂ ಒಂದು ವಿಚಿತ್ರ ಕ್ರಮದಲ್ಲಿ: ನಗರದ ನಿಜವಾದ ತೋಟದ ಬಂಗಲೆಗಳೇ ಸ್ಟುಡಿಯೊಗಳಾಗಿ, ಅವುಗಳಲ್ಲಿ ರಟ್ಟು ಪ್ಲೈವುಡ್ಡಿನ ಬಂಗಲೆಗಳು ಎದ್ದವು. ಹಡಗು ಕಟ್ಟುತ್ತಿದ್ದ ವಾಡಿಯಾ ಮನೆತನದ ಪರೇಲಿನ ಲವ್‌ಜಿ ಕ್ಯಾಸಲ್ 1930ರ ದಶಕದಲ್ಲಿ ವಾಡಿಯಾ ಮೂವಿಟೋನ್ ಆಯಿತು, 1942ರಲ್ಲಿ ವಿ. ಶಾಂತಾರಾಮ್ ಅದೇ ಜಾಗದಲ್ಲಿ ರಾಜ್‌ಕಮಲ್ ಕಲಾಮಂದಿರ ಆರಂಭಿಸಿದರು. 1934ರಲ್ಲಿ ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ ಕಟ್ಟಿದ ಬಾಂಬೆ ಟಾಕೀಸ್ ನೆಲೆಯೂರಿದ್ದು ಮಲಾಡ್‌ನಲ್ಲಿ, ಹಣಕಾಸುಗಾರ ಎಫ್. ಇ. ದಿನ್‌ಶಾ ಅವರ ಬೇಸಿಗೆ ಬಂಗಲೆಯಿದ್ದ ಎಸ್ಟೇಟಿನಲ್ಲಿ. ಮಲಾಡ್ ಆಗ ಊರಾಚೆಯ ಹಳ್ಳಿ.

ಅದೇ ಬಾಂಬೆ ಟಾಕೀಸ್ 1949ರಲ್ಲಿ ‘ಮಹಲ್’ ತಯಾರಿಸಿತು. ಕಮಾಲ್ ಅಮ್ರೋಹಿ ನಿರ್ದೇಶನ, ಜೋಸೆಫ್ ವಿರ್ಶಿಂಗ್ ಛಾಯಾಗ್ರಹಣ. ಪಾಳುಬಿದ್ದ ಅರಮನೆಯಂಥ ಮನೆಗೆ ಬರುವ ಅಶೋಕ್ ಕುಮಾರ್‌ಗೆ ಗೋಡೆಯ ಚಿತ್ರದಲ್ಲಿ ತನ್ನದೇ ಮುಖ ಕಾಣುತ್ತದೆ, ರಾತ್ರಿ ಉಯ್ಯಾಲೆಯಲ್ಲಿ ಹಾಡುವ ಹೆಣ್ಣು ಕಾಣುತ್ತಾಳೆ. ಪ್ರೇಕ್ಷಕರು ಎರಡು ಗಂಟೆ ಆಕೆಯನ್ನು ಪ್ರೇತವೆಂದೇ ನಂಬಿರುತ್ತಾರೆ. ಕೊನೆಗೆ ಆಕೆ ತೋಟದ ಮಾಲಿಯ ಮಗಳು, ಮಹಲಿನ ಮೇಲಿನ ಆಸೆಯಿಂದ ಇಷ್ಟೆಲ್ಲ ಹೂಡಿದವಳೆಂದು ನ್ಯಾಯಾಲಯದಲ್ಲಿ ಹೊರಬೀಳುತ್ತದೆ. ದೆವ್ವ ಕಡೆಯ ರೀಲಿನವರೆಗೆ ಓಡಾಡಿ, ಕಡೆಯ ರೀಲಿನಲ್ಲಿ ಮನುಷ್ಯನಾಗುವ ಈ ಏರ್ಪಾಡು ಮುಂಬಯಿ ಚಿತ್ರಗಳಿಗೆ ಬಹಳ ಒಗ್ಗಿತು. ನಾಕ್ಸ್‌ನ ಕಟ್ಟಳೆಯೂ ಮುರಿಯಲಿಲ್ಲ, ಡಿಕನ್ಸ್ ಕಾಲದ ಹಬ್ಬದ ಭಯವೂ ಕೈತಪ್ಪಲಿಲ್ಲ. ಹೇಮಂತ್ ಕುಮಾರ್ ನಿರ್ಮಿಸಿ ಬೀರೇನ್ ನಾಗ್ ನಿರ್ದೇಶಿಸಿದ ‘ಬೀಸ್ ಸಾಲ್ ಬಾದ್’ 1962ರಲ್ಲಿ ಷರ್ಲಾಕ್ ಹೋಮ್ಸನ ಬಾಸ್ಕರ್‌ವಿಲ್ ನಾಯಿಯ ಕಥೆಯನ್ನು ಜಮೀನ್ದಾರಿ ಹವೇಲಿಗೆ ತಂದು ಭಾರಿ ಹಣ ಮಾಡಿತು. ಅದೇ ಜೋಡಿಯ 1964ರ ‘ಕೊಹರಾ’ ಡ್ಯಾಫ್ನೆ ಡು ಮೋರಿಯರ್‌ಳ ‘ರೆಬೆಕಾ’ವನ್ನು ಆಧರಿಸಿದ್ದು. ಮನೆಯ ಹಿರಿಯ ದಾಯಿಯಾಗಿ ಲಲಿತಾ ಪವಾರ್ ಬಾಗಿಲಲ್ಲಿ ಸುಮ್ಮನೆ ನಿಂತರೂ ಮೈ ಜುಮ್ಮೆನ್ನುತ್ತಿತ್ತು. ಅದೇ ವರ್ಷದ ರಾಜ್ ಖೋಸ್ಲಾ ಅವರ ‘ವೋ ಕೌನ್ ಥಿ’ ಸುರಿವ ಮಳೆಯಲ್ಲಿ ಬಿಳಿ ಸೀರೆಯ ಹೆಣ್ಣಿನಿಂದ ಶುರುವಾಗಿ ಆಸ್ತಿಯ ಆಸೆಗೆ ಬಂದು ನಿಲ್ಲುತ್ತದೆ. ಈ ವಸ್ತು ಮೊದಲು ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತರ ಸಂಸ್ಥೆಯಲ್ಲಿ ‘ರಾಜ್’ ಎಂಬ ಹೆಸರಿನಲ್ಲಿ ಆರಂಭವಾಗಿ ಅರ್ಧಕ್ಕೆ ನಿಂತಿತ್ತು.

ರಜೆ, ಬಂಗಲೆ, ಕೊಲೆ ಮೂರೂ ಪೂರ್ತಿಯಾಗಿ ಕೂಡಿಬಂದದ್ದು 1965ರ ‘ಗುಮ್‌ನಾಮ್’ನಲ್ಲಿ. ಎನ್. ಎನ್. ಸಿಪ್ಪಿ ನಿರ್ಮಾಪಕರು, ರಾಜಾ ನವಾಥೆ ನಿರ್ದೇಶಕರು. ಅದಕ್ಕೆ ಮೂಲವಾದ ಕ್ರಿಸ್ಟಿಯ 1939ರ ಕಾದಂಬರಿಯಲ್ಲಿ ಹತ್ತು ಜನರನ್ನು ಸುಳ್ಳು ಆಮಂತ್ರಣ ಕಳಿಸಿ ದ್ವೀಪದ ಮನೆಗೆ ಕರೆಸಲಾಗುತ್ತದೆ, ಪ್ರತಿಯೊಬ್ಬರ ಹಿಂದೆಯೂ ಕಾನೂನಿಗೆ ಸಿಗದ ಒಂದು ಸಾವು. ‘ಗುಮ್‌ನಾಮ್’ನಲ್ಲಿ ಆಮಂತ್ರಣದ ಜಾಗಕ್ಕೆ ಲಾಟರಿ ಬಂತು. ನೈಟ್‌ಕ್ಲಬ್ಬಿನಲ್ಲಿ ಲಕ್ಷ್ಮೀ ಛಾಯಾ ಕಣ್ಣಿಗೆ ಮುಖವಾಡ ಕಟ್ಟಿ ಹುಚ್ಚೆದ್ದು ಕುಣಿಯುವ ಹಾಡು ಮುಗಿದೊಡನೆ ಏಳು ಮಂದಿಗೆ ವಿದೇಶ ಪ್ರವಾಸದ ಬಹುಮಾನ ಘೋಷಣೆಯಾಗುತ್ತದೆ. ವಿಮಾನ ಎಲ್ಲೋ ಇಳಿದು, ಅವರನ್ನು ಬಿಟ್ಟು ಹಾರಿಹೋಗುತ್ತದೆ. ಸಮುದ್ರ ದಂಡೆಯಲ್ಲಿ ನಡೆದು ಅವರು ಸೇರುವ ಒಂಟಿ ಬಂಗಲೆಯಲ್ಲಿ ಅಡುಗೆ ಸಿದ್ಧವಾಗಿದೆ, ಒಬ್ಬೊಬ್ಬರ ಪಾಪವೂ ಬರೆದಿಟ್ಟಿದೆ. ವಿದೇಶ ಪ್ರಯಾಣಕ್ಕೆ ಹಣದ ಪರವಾನಗಿ ಸಿಗುವುದೇ ದುಸ್ತರವಾಗಿದ್ದ ಕಾಲದಲ್ಲಿ ಪುಕ್ಕಟೆ ವಿದೇಶ ರಜೆಗಿಂತ ದೊಡ್ಡ ಆಮಿಷ ಯಾವುದೂ ಇರಲಿಲ್ಲ. ಕಥೆ ಬರೆದವರು ಮುಂಬಯಿಯ ಮಧ್ಯಮವರ್ಗದ ನಾಡಿ ಸರಿಯಾಗಿ ಹಿಡಿದಿದ್ದರು.

ಮೂಲದಿಂದ ಅತಿ ದೂರ ಹೋದದ್ದು ಬಟ್ಲರ್. ಇಂಗ್ಲಿಷ್ ಬಂಗಲೆ ಕಥೆಗಳಲ್ಲಿ ಆಳುಗಳು ಬಹುಮಟ್ಟಿಗೆ ಪರದೆಯ ಹಿಂದಿನವರು. ಚಹಾ ತರುತ್ತಾರೆ, ಹೆಣ ಕಂಡು ಕಿರುಚುತ್ತಾರೆ, ಪೊಲೀಸರಿಗೆ ಹೇಳಿಕೆ ಕೊಡುತ್ತಾರೆ. ‘ಗುಮ್‌ನಾಮ್’ನ ಬಟ್ಲರ್ ಮೆಹಮೂದ್ ಲುಂಗಿ ಉಟ್ಟು, ಹೈದರಾಬಾದಿ ದಖನಿಯಲ್ಲಿ ಅತಿಥಿಗಳನ್ನು ಗದರುತ್ತಾ, ಕನಸಿನ ಹಾಡಿನಲ್ಲಿ ಹೆಲೆನ್ ಜೊತೆ ಕುಣಿಯುತ್ತಾನೆ. ತನ್ನ ಕಪ್ಪು ಬಣ್ಣವನ್ನು ಸಮರ್ಥಿಸಿಕೊಳ್ಳುವ ಆ ಹಾಡು ಚಿತ್ರದ ಕೊಲೆಗಳಿಗಿಂತ ಹೆಚ್ಚು ಕಾಲ ಜನರ ಬಾಯಲ್ಲಿ ಉಳಿಯಿತು. ಇದು ಒಗಟಿನ ಬಿಗಿಗೆ ಒಳ್ಳೆಯದು ಮಾಡಲಿಲ್ಲ ಎನ್ನಬೇಕು. ಮೂರನೆಯ ಹೆಣ ಬೀಳುವ ಹೊತ್ತಿಗೆ ಸುಳಿವು ಹುಡುಕುವವರಿಗಿಂತ ಮೆಹಮೂದ್ ಮತ್ತೆ ಯಾವಾಗ ಬರುತ್ತಾನೆಂದು ಕಾಯುವವರೇ ಹೆಚ್ಚು. ಆದರೆ ಮನೆಯ ಯಜಮಾನರಿಗಿಂತ ಆಳಿಗೆ ಚಪ್ಪಾಳೆ ಬೀಳುವ ಬಂಗಲೆ ಕಥೆ ಇಂಗ್ಲೆಂಡಿಗೆ ತೋಚಿರಲಿಲ್ಲ. ಅದೇ ವರ್ಷ ಮೆಹಮೂದ್ ತಾವೇ ನಿರ್ದೇಶಿಸಿದ ‘ಭೂತ್ ಬಂಗ್ಲಾ’ದಲ್ಲೂ ಭೂತಕ್ಕೂ ಬಂಗಲೆಗೂ ನಗುವಿಗೂ ಗಂಟು ಹಾಕಿದರು.

ಹಾಡು, ಹಾಸ್ಯ, ಭೂತ ಮೂರನ್ನೂ ಒರೆಸಿಹಾಕಿ ಒಗಟನ್ನಷ್ಟೇ ಉಳಿಸುವ ಪ್ರಯತ್ನ ಬಿ. ಆರ್. ಚೋಪ್ರಾ ಅವರ ಸಂಸ್ಥೆಯಿಂದ ಬಂತು. 1960ರ ‘ಕಾನೂನ್’ನಲ್ಲೇ ಅವರು ಹಾಡು ಬಿಟ್ಟಿದ್ದರು. 1969ರಲ್ಲಿ ಬೇರೊಂದು ಚಿತ್ರದ ಕೆಲಸ ನಡುವೆ ನಿಂತಾಗ ತಮ್ಮ ಯಶ್ ಚೋಪ್ರಾ ಸುಮಾರು ಒಂದು ತಿಂಗಳಲ್ಲಿ ‘ಇತ್ತೆಫಾಕ್’ ಮುಗಿಸಿದರು. ಮೂಲ ‘ಧುಮ್ಮಸ್’ ಎಂಬ ಗುಜರಾತಿ ನಾಟಕ, ಅದರ ಬೇರು ಇಂಗ್ಲಿಷ್ ನಾಟಕವೊಂದರಲ್ಲಿ. ಒಂದೇ ರಾತ್ರಿ, ಒಂದೇ ಮನೆ, ತಪ್ಪಿಸಿಕೊಂಡು ಬಂದ ಕೊಲೆ ಆರೋಪಿ ರಾಜೇಶ್ ಖನ್ನಾ, ಒಂಟಿ ಗೃಹಿಣಿ ನಂದಾ, ಹಾಡಿಲ್ಲ. ಯಶ್ ಚೋಪ್ರಾಗೆ ಫಿಲ್ಮ್‌ಫೇರ್ ನಿರ್ದೇಶಕ ಪ್ರಶಸ್ತಿ ಬಂತು. ಮುಂಬಯಿಯ ಗುಜರಾತಿ, ಮರಾಠಿ ರಂಗಭೂಮಿಗೆ ಈ ಬಗೆಯ ನಾಟಕ ಒಗ್ಗಿದ್ದಕ್ಕೆ ಕಾರಣ ಲೆಕ್ಕಾಚಾರದ್ದೂ ಹೌದು. ಒಂದು ದಿವಾನಖಾನೆಯ ಸೆಟ್ಟು, ಆರೇಳು ನಟರು, ಮೂರು ಅಂಕ. ಗಾಡಿಗೆ ಹೇರಿಕೊಂಡು ಉಪನಗರದಿಂದ ಉಪನಗರಕ್ಕೆ ಹೊರಡಬಹುದು. 1973ರಲ್ಲಿ ಬಿ. ಆರ್. ಚೋಪ್ರಾ ಕ್ರಿಸ್ಟಿಯ ‘ದಿ ಅನ್‌ಎಕ್ಸ್‌ಪೆಕ್ಟೆಡ್ ಗೆಸ್ಟ್’ ನಾಟಕದಿಂದ ‘ಧುಂದ್’ ಮಾಡಿದರು. ಮಂಜು ಕವಿದ ರಾತ್ರಿ ಕಾರು ಕೆಟ್ಟು ಬಂಗಲೆಗೆ ಬಂದವನಿಗೆ ಗಾಲಿಕುರ್ಚಿಯಲ್ಲಿ ಸತ್ತ ಗಂಡ, ಪಕ್ಕದಲ್ಲಿ ಹೆಂಡತಿ ಝೀನತ್ ಅಮಾನ್ ಸಿಗುತ್ತಾರೆ.

ಈ ಕಥೆ ಕನ್ನಡಕ್ಕೂ ಬಂತು. ಸುನೀಲ್ ಕುಮಾರ್ ದೇಸಾಯಿ ಅವರ 1989ರ ‘ತರ್ಕ’ ಅದೇ ಕ್ರಿಸ್ಟಿ ನಾಟಕದ ಎಳೆಯದು. ಒಂದೂ ಹಾಡಿಲ್ಲದ ಆ ಚಿತ್ರದ ನಾಯಕ ಶಂಕರ್‌ನಾಗ್. ಹೊನ್ನಾವರ ಕಡೆಯಿಂದ ಮುಂಬಯಿಗೆ ಹೋಗಿ ಮರಾಠಿ ರಂಗಭೂಮಿಯಲ್ಲಿ ಪಳಗಿ, ‘22 ಜೂನ್ 1897’ ಮರಾಠಿ ಚಿತ್ರಕ್ಕೆ ಬರವಣಿಗೆಯಲ್ಲೂ ಕೈಜೋಡಿಸಿ ಬಂದವರು ಅವರು. ‘ತರ್ಕ’ ಮರುವರ್ಷವೇ ‘ಪುರಿಯಾದ ಪುದಿರ್’ ಆಗಿ ತಮಿಳಿಗೆ ಹೋಯಿತು.

ಇಂಗ್ಲಿಷಿನಲ್ಲಿ ಮುಂಬಯಿಯ ಬಂಗಲೆಗೆ ಕೊಲೆ ತಂದವರಲ್ಲಿ ಎಚ್. ಆರ್. ಎಫ್. ಕೀಟಿಂಗ್ ಮುಖ್ಯರು. 1964ರ ‘ದಿ ಪರ್ಫೆಕ್ಟ್ ಮರ್ಡರ್’ನಲ್ಲಿ ಶ್ರೀಮಂತ ಲಾಲಾ ವರ್ದೆಯ ಮನೆಯೊಳಗೆ ಅವನ ಪಾರ್ಸಿ ಕಾರ್ಯದರ್ಶಿ ಪರ್ಫೆಕ್ಟ್ ಎಂಬಾತನ ಮೇಲೆ ಹಲ್ಲೆಯಾಗುತ್ತದೆ. ವಿಚಾರಣೆಗೆ ಬರುವ ಇನ್‌ಸ್ಪೆಕ್ಟರ್ ಘೋಟೆಗೆ ದೊಡ್ಡವರ ಮನೆಯ ಹೊಸ್ತಿಲು ದಾಟುವುದೇ ಅರ್ಧ ತನಿಖೆ. ಕೀಟಿಂಗ್ ಆಗ ಭಾರತ ನೋಡಿರಲಿಲ್ಲ, ಬಂದದ್ದು ಸುಮಾರು ಹತ್ತು ವರ್ಷದ ಮೇಲೆ. 1988ರಲ್ಲಿ ಚಿತ್ರವಾದಾಗ ನಸೀರುದ್ದೀನ್ ಶಾ ಘೋಟೆಯಾದರು.

ಸುಜಾತಾ ಮ್ಯಾಸಿಯ 2018ರ ‘ದಿ ವಿಡೋಸ್ ಆಫ್ ಮಲಬಾರ್ ಹಿಲ್’ ಈ ಪ್ರಕಾರದ ಬೀಗಕ್ಕೆ ಮುಂಬಯಿಯಲ್ಲೇ ಕೀಲಿ ಹುಡುಕಿತು. ಕಾಲ 1921. ಬಂಗಲೆಯೊಳಗೆ ಪರದೆಯಲ್ಲಿ ಬದುಕುವ ಮೂವರು ವಿಧವೆಯರು, ಅವರ ಆಸ್ತಿ ನೋಡಿಕೊಳ್ಳುವವನ ಕೊಲೆ. ಗಂಡಸು ಪೊಲೀಸರು ಒಳಗೆ ಕಾಲಿಡುವಂತಿಲ್ಲ. ಆಕ್ಸ್‌ಫರ್ಡಿನಲ್ಲಿ ಕಾನೂನು ಓದಿದ ಪಾರ್ಸಿ ವಕೀಲೆ ಪರ್ವೀನ್ ಮಿಸ್ತ್ರಿ ಮಾತ್ರ ಹೋಗಬಲ್ಲಳು. ಹಿಮವೂ ಇಲ್ಲದೆ, ಬಿರುಗಾಳಿಯೂ ಇಲ್ಲದೆ, ಊರ ನಡುವೆಯೇ ಇರುವ ಮನೆಯನ್ನು ಒಂದು ಸಾಮಾಜಿಕ ಕಟ್ಟಳೆಯೇ ದ್ವೀಪ ಮಾಡಿಬಿಟ್ಟಿದೆ. ಬೇರೆ ಯಾವ ಮುಂಬಯಿ ಕಥೆಯೂ ಮುಚ್ಚಿದ ಬಾಗಿಲನ್ನು ಇಷ್ಟು ಸಹಜವಾಗಿ ಒದಗಿಸಿಲ್ಲ.

ಹಬ್ಬದ ರಾತ್ರಿಯ ಕೊಲೆಗೆ ಪೂರ್ತಿ ಮರಳಿದ್ದು ಸುಮಾರು ಒಂದು ದಶಕ ಮುಂಬಯಿಯಲ್ಲಿ ಕೆಲಸ ಮಾಡಿದ್ದ ಲಂಡನ್ ಲೇಖಕ ವಸೀಂ ಖಾನ್. 2020ರ ಅವರ ‘ಮಿಡ್‌ನೈಟ್ ಅಟ್ ಮಲಬಾರ್ ಹೌಸ್’ ನಡೆಯುವುದು 1949ರ ಡಿಸೆಂಬರ್ 31ರ ರಾತ್ರಿ. ಭಾರತ ಗಣರಾಜ್ಯವಾಗಲು ಇನ್ನು ನಾಲ್ಕು ವಾರವೂ ಇಲ್ಲ. ಇಂಗ್ಲಿಷ್ ಅಧಿಕಾರಿ ಸರ್ ಜೇಮ್ಸ್ ಹೆರಿಯಟ್ ತನ್ನ ಭವ್ಯ ಮನೆಯಲ್ಲಿ ಹೊಸವರ್ಷದ ಔತಣ ಕೊಟ್ಟಿದ್ದಾನೆ, ಕೆಳಗೆ ಕುಣಿತ ನಡೆದಿರುವಾಗ ಓದುವ ಕೋಣೆಯಲ್ಲಿ ಅವನ ಹೆಣ ಬಿದ್ದಿದೆ. ತನಿಖೆ ಬೀಳುವುದು ಪರ್ಸಿಸ್ ವಾಡಿಯಾ ಎಂಬ ಹೆಣ್ಣು ಇನ್‌ಸ್ಪೆಕ್ಟರಳ ಪಾಲಿಗೆ, ಏಕೆಂದರೆ ರಜೆಯ ರಾತ್ರಿ ಠಾಣೆಯಲ್ಲಿ ಫೋನು ಎತ್ತಿಕೊಂಡವಳು ಅವಳೇ. ಆ ಕಾದಂಬರಿಗೆ 2021ರಲ್ಲಿ ಬ್ರಿಟನ್ನಿನ ಅಪರಾಧ ಲೇಖಕರ ಸಂಘದ ಚಾರಿತ್ರಿಕ ಕೃತಿ ಪ್ರಶಸ್ತಿ ಬಂತು.

ಮುಂಬಯಿಯ ಬಂಗಲೆಗಳು ಮಾತ್ರ ಕಥೆಯಲ್ಲಿದ್ದಷ್ಟು ನೆಲದ ಮೇಲೆ ಉಳಿದಿಲ್ಲ. ಬಾಂದ್ರಾ, ಜುಹೂಗಳಲ್ಲಿ ಬಹುತೇಕ ಒಡೆದು ಮಹಡಿಗಳಾಗಿವೆ. 2017ರಲ್ಲಿ ‘ಇತ್ತೆಫಾಕ್’ ಮತ್ತೆ ಚಿತ್ರವಾದಾಗ ಕೊಲೆ ನಡೆಯುವುದು ಫ್ಲ್ಯಾಟಿನಲ್ಲಿ. ಮಲಾಡಿನಿಂದ ಪಶ್ಚಿಮಕ್ಕೆ, ಸಮುದ್ರದಂಚಿನ ಮಢ್ ಕಡೆ ಇನ್ನೂ ಒಂದಷ್ಟು ಬಂಗಲೆಗಳು ನಿಂತಿವೆ. ವಾರಾಂತ್ಯದಲ್ಲಿ ಅವು ಮೋಜಿನ ಕೂಟಗಳಿಗೆ, ಉಳಿದ ದಿನ ಚಿತ್ರೀಕರಣಕ್ಕೆ ಬಾಡಿಗೆ ಹೋಗುತ್ತವೆ. ದಿನಗೂಲಿ ಲೆಕ್ಕದಲ್ಲಿ ನಡೆಯುವ ಟಿವಿ ಧಾರಾವಾಹಿಯ ಕೊಲೆಗಳು ಅಲ್ಲಿಯೇ ಆಗುತ್ತವೆ.